ಅಷ್ಟಮಿಯ ದಿನ ಕಟ್ಟಿದ ಕಂಪೈಲರ್

ನನ್ನ ತಂಗಿಯ ಮಗಳು ನಿಧಿಗೆ ಕೆಲಸ ಸಿಕ್ಕಿದೆ. ಬಿಟಿಎಂ ಲೇಔಟಿನ ಪಿಜಿಯೊಂದರಲ್ಲಿದ್ದಾಳೆ. ಹೋದ ಭಾನುವಾರ ಜಯನಗರದ ನಮ್ಮ ಮನೆಗೆ ಊಟಕ್ಕೆ ಬಂದವಳು ಅಳುಮುಖ ಮಾಡಿಕೊಂಡು, "ದೊಡ್ಡಮ್ಮ, ಎಲ್ಲರನ್ನೂ ಎಐ ಟೀಮಿಗೆ ಹಾಕಿದ್ರು. ನನ್ನನ್ನ ಮಾತ್ರ ಕಂಪೈಲರ್ ಬಿಲ್ಡ್ ಮಾಡೋ ಟೀಮಿಗೆ ತಳ್ಳಿದ್ದಾರೆ" ಎಂದಳು. ತಳ್ಳಿದ್ದಾರಂತೆ. ನಾನು ನಿವೃತ್ತಳಾಗುವ ತನಕ ಮಾಡಿದ್ದು ಅದೊಂದೇ ಕೆಲಸ. ಸಿಟ್ಟು ಬಂತು, ಆದರೆ ಮಗು ಊಟಕ್ಕೆ ಕೂತಿತ್ತು, ಸುಮ್ಮನಾದೆ. ಅವಳು ಹೋದ ಮೇಲೆ ಇದನ್ನು ಬರೆಯಲು ಕೂತೆ. ಅವಳಿಗೂ ಅವಳಂಥ ಇತರರಿಗೂ ಇರಲಿ ಎಂದು.

ಪ್ರಮೋಷನ್ನುಗಳ ವಿಷಯ ಬರೆಯುವುದಿಲ್ಲ. ನನಗೆ ಸಿಕ್ಕ ಮುಖ್ಯವಾದ ಪ್ರಮೋಷನ್, ನನ್ನ ಮೇಲಿದ್ದಾತ ಕೆಲಸ ಬಿಟ್ಟು ಹೋದದ್ದರಿಂದ ಸಿಕ್ಕಿದ್ದು. ಅದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ತಿರುಗಿಸಿ ಕೊಡುವುದು ಕಂಪೈಲರ್. ಆದರೆ ಕಂಪೈಲರ್ ಕೂಡ ಒಂದು ಪ್ರೋಗ್ರಾಮೇ ತಾನೆ, ಅದನ್ನು ತಿರುಗಿಸುವವರು ಯಾರು? ಇನ್ನೊಂದು ಕಂಪೈಲರ್. ಮನೆಯಲ್ಲಿ ಮೊಸರಿಗೆ ಹೆಪ್ಪು ಹಾಕುವುದನ್ನು ನೋಡಿದ್ದರೆ ಇದು ಅರ್ಥವಾಗುತ್ತದೆ. ಮೊದಲ ದಿನ ಪಕ್ಕದ ಮನೆಯಿಂದ ಹೆಪ್ಪು ತರುತ್ತೇವೆ. ಆ ಮೊಸರಿನಿಂದ ಮಾರನೆಯ ದಿನ ಹೆಪ್ಪು ಹಾಕುತ್ತೇವೆ, ಅದರಿಂದ ಅದರ ಮಾರನೆಯ ದಿನ. ಹಾಗೆಯೇ ಹಳೆಯ ಕಂಪೈಲರಿನಿಂದ ಹೊಸದನ್ನು ಕಟ್ಟಬೇಕು, ಆ ಹೊಸದರಿಂದ ಅದನ್ನೇ ಮತ್ತೆ ಕಟ್ಟಬೇಕು, ಹಾಗೆ ಬಂದದ್ದರಿಂದ ಇನ್ನೊಮ್ಮೆ ಕಟ್ಟಬೇಕು. ಎರಡನೆಯದನ್ನೂ ಮೂರನೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದಿಷ್ಟೂ ವ್ಯತ್ಯಾಸ ಇರಬಾರದು. ಇದ್ದರೆ ಎಲ್ಲೋ ಹುಳಿಯಾಗಿದೆ ಎಂದರ್ಥ.

ಇದನ್ನು ನಮ್ಮ ಯಂತ್ರದಲ್ಲಿ ಮಾಡುವುದು ಸುಲಭ. ಗಿರಾಕಿಯ ಯಂತ್ರದಲ್ಲಿ ಮಾಡಬೇಕಾದಾಗ ನಿಮ್ಮ ಗ್ರಹಚಾರ ಶುರುವಾಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯಿದೆಯಲ್ಲ, ನಮ್ಮ ಕೆಲಸದಲ್ಲಿ ನೆಲ ನಿಜವಾಗಿಯೂ ಡೊಂಕೇ ಇರುತ್ತದೆ. ಒಂದೊಂದು ಯಂತ್ರದ ನೆಲ ಒಂದೊಂದು ಕಡೆಗೆ ಡೊಂಕು. ಯಾವ ಕಡೆಗೆ ಎಂದು ಕಂಡುಹಿಡಿದು, ಅಲ್ಲಿಯೂ ಕುಣಿಯುವ ಹಾಗೆ ಮಾಡುವುದಕ್ಕೇ ನಮಗೆ ಸಂಬಳ.

ನಮ್ಮ ಆಫೀಸು ಜೆಪಿ ನಗರದಲ್ಲಿತ್ತು. ಕೆಳಗೆ ದರ್ಶಿನಿ, ಮೇಲೆ ನಾವು. ಹತ್ತು ಗಂಟೆಗೆ ಒಗ್ಗರಣೆಯ ಘಾಟು ಮೇಲೇರಿ ಬಂದರೆ ಇಡೀ ಬಿಲ್ಡ್ ಟೀಮು ಸೀನುತ್ತಿತ್ತು. ಹೆಡ್ ಆಫೀಸು ಊರಿನ ಆ ತುದಿಯಲ್ಲಿ, ವೈಟ್‌ಫೀಲ್ಡಿನಲ್ಲಿ. ನಮ್ಮ ಮ್ಯಾನೇಜರ್ ಮೂರ್ತಿ ಸಾರ್. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಪಂಚಾಂಗ ಕೈಗೆ ತೆಗೆದುಕೊಂಡರೆ ನೂರು ವರ್ಷದವರು. ಯಂತ್ರಗಳ ಕೋಣೆಯನ್ನು ನೋಡಿಕೊಳ್ಳುತ್ತಿದ್ದವನು ಮುನಿರಾಜು, ಕೋಣನಕುಂಟೆಯ ಹಳೆಯ ಮನೆತನದವನು. ಕೋಣನಕುಂಟೆ ಹಳ್ಳಿಯಾಗಿದ್ದಾಗಿನಿಂದ ಅಲ್ಲಿದ್ದವರು ನಾವು ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಮೂರ್ತಿ ಸಾರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕೆಟ್ಟವರಲ್ಲ. ಓದಿಕೊಂಡವರು, ಯಂತ್ರದ ಒಳಹೊರಗು ಬಲ್ಲವರು. ಆದರೆ ಯಾವ ಕೆಲಸವನ್ನೂ ರಾಹುಕಾಲದಲ್ಲಿ ಶುರು ಮಾಡುವುದಿಲ್ಲ, ಅಷ್ಟಮಿ ನವಮಿಯಲ್ಲಂತೂ ಹೊಸ ಪೆನ್ನಿನ ಕ್ಯಾಪನ್ನೂ ತೆಗೆಯುವುದಿಲ್ಲ. ಅವರ ಮಗಳ ಕಾಲೇಜಿನ ಇಂಟರ್‌ವ್ಯೂ ರಾಹುಕಾಲದಲ್ಲಿ ಬಂದಾಗ, ಆ ಹುಡುಗಿಯನ್ನು ರಾಹುಕಾಲಕ್ಕೆ ಮೊದಲೇ ಮನೆಯಿಂದ ಹೊರಡಿಸಿ ಕಾಲೇಜಿನ ಗೇಟಿನ ಮುಂದೆ ಬಿಸಿಲಲ್ಲಿ ನಿಲ್ಲಿಸಿಕೊಂಡಿದ್ದರು. ಪಂಚಾಂಗದ ವಿಷಯದಲ್ಲಿ ಅವರು ಯಾರಿಗೂ, ಹೆತ್ತ ಮಗಳಿಗೂ, ರಿಯಾಯಿತಿ ಕೊಟ್ಟವರಲ್ಲ. ನನಗೆ ಇದೆಲ್ಲ ಆಗದು. ನಾನು ಅವರ ಮುಖಕ್ಕೇ ಅಂದುಬಿಡುತ್ತಿದ್ದೆ, ಅವರು ಕೇಳಿಸದವರಂತೆ ಕನ್ನಡಕ ಒರೆಸುತ್ತಿದ್ದರು.

ಒಂದು ಸಲ ಹೊಸ ಗಿರಾಕಿಯ ಯಂತ್ರದಲ್ಲಿ ಕಂಪೈಲರ್ ಕಟ್ಟಲು ಹೊರಟಾಗ, ಎಲ್ಲ ಬರಹದ ತಲೆಯ ಮೇಲೂ ಶ್ರೀ ಇರಬೇಕು ಎಂದು ಮೂರ್ತಿ ಸಾರ್ ಫೋಲ್ಡರಿಗೇ ಕನ್ನಡದಲ್ಲಿ "ಶ್ರೀ" ಎಂದು ಹೆಸರಿಟ್ಟರು. ಆ ಯಂತ್ರದ ಹಳೆಯ ಕಾಲದ ಸಲಕರಣೆಗಳಿಗೆ ಇಂಗ್ಲಿಷ್ ಬಿಟ್ಟು ಬೇರೆ ಅಕ್ಷರ ಗೊತ್ತಿರಲಿಲ್ಲ. ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿ ಬಿತ್ತು. ಬೆಳಗಿನಿಂದ ಸಂಜೆಯವರೆಗೆ ಒಳಗಿನ ಪ್ರೋಗ್ರಾಮನ್ನೆಲ್ಲ ಜಾಲಾಡಿದೆವು, ತಪ್ಪು ಮನೆಯ ಹೊರಗೆ ಹೆಸರಿನ ಬೋರ್ಡಿನಲ್ಲಿತ್ತು. ನಾನು ಹೋಗಿ ಹೇಳಿದೆ.

"ಸಾರ್, ಶ್ರೀ ತೆಗೀಬೇಕು."

"ವತ್ಸಲಾ ಅವರೇ, ಶ್ರೀ ಇಲ್ದೆ ಶುರು ಮಾಡೋದಾ?"

"ಇಂಗ್ಲಿಷಲ್ಲಿ ಹಾಕಿ ಸಾರ್. ದೇವರಿಗೆ ಇಂಗ್ಲಿಷ್ ಬರುತ್ತೆ."

ಅವರು ಬಹಳ ಯೋಚನೆ ಮಾಡಿ ಒಪ್ಪಿದರು. ಇಂಗ್ಲಿಷಿನಲ್ಲಿ ಶ್ರೀ ಬರೆದು, ಭಕ್ತಿಯಿಂದ ಒಂದು ಜಾಗ ಬಿಟ್ಟು, ಮುಂದೆ ಕಂಪೈಲರ್ ಎಂದು ಬರೆದರು. ಹೆಸರಿನ ನಡುವೆ ಜಾಗ ಬಿಟ್ಟರೆ ಇಂಥ ಸಲಕರಣೆಗಳು ಅದನ್ನು ಎರಡು ಬೇರೆ ಹೆಸರು ಎಂದು ತಿಳಿಯುತ್ತವೆ. ಮತ್ತೆ ಬಿತ್ತು. ನಿಧಿ, ಇದನ್ನು ನೆನಪಿಟ್ಟುಕೊ: ಮೊದಲು ಫೋಲ್ಡರಿನ ಹೆಸರು ನೋಡು, ಆಮೇಲೆ ಬುದ್ಧಿ ಖರ್ಚು ಮಾಡು.

ಆಗೆಲ್ಲ ಗಿರಾಕಿಗಳ ಯಂತ್ರಗಳು ಟೆಂಪೋದಲ್ಲಿ ನಮ್ಮ ಬಾಗಿಲಿಗೇ ಬರುತ್ತಿದ್ದವು. ಮುನಿರಾಜು ಅವುಗಳಿಗೆ ನಿಂಬೆಹಣ್ಣು ನಿವಾಳಿಸಿ ಒಳಗೆ ಕರೆದುಕೊಳ್ಳುತ್ತಿದ್ದ. ಆಯುಧಪೂಜೆಯ ದಿನ ಕುಂಕುಮ ಗಾಳಿಯ ಕಿಂಡಿಯೊಳಗೆ ಹೋಗಿ, ಒಂದು ಯಂತ್ರವಂತೂ ದೀಪಾವಳಿಯವರೆಗೂ ಕೆಂಪು ಕೆಮ್ಮು ಕೆಮ್ಮಿತು. ಈಗಿನವರು ಎಲ್ಲೋ ಇರುವ ಯಂತ್ರಕ್ಕೆ ಕೂತಲ್ಲಿಂದಲೇ ಕೈ ಹಾಕುತ್ತಾರೆ, ಹಾಳಾದರೆ ಬಿಸಾಕಿ ಹೊಸದು ತೆರೆಯುತ್ತಾರೆ. ನಮಗೆ ಆ ಭಾಗ್ಯವಿರಲಿಲ್ಲ. ಎದುರಿಗಿರುವ ಆ ಒಂದು ಯಂತ್ರದ ಜೊತೆಗೇ ಸಂಸಾರ ಮಾಡಬೇಕಿತ್ತು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಕೊರೊನಾ ಮುಗಿದು ಎಲ್ಲರೂ ಆಫೀಸಿಗೆ ಬನ್ನಿ ಎಂದಾಗಿತ್ತು. ಹೆಡ್ ಆಫೀಸಿಗೆ ಶ್ರೀಧರ್ ಎಂಬ ಹೊಸ ದೊಡ್ಡವರು ಬಂದಿದ್ದರು. ಬಂದವರು ಲೆಕ್ಕ ಹಾಕಿ, ಜೆಪಿ ನಗರದಲ್ಲಿ ಒಂದು ಪುಟ್ಟ ಆಫೀಸು ಯಾಕೆ, ಮುಚ್ಚಿ ಎಲ್ಲರನ್ನೂ ವೈಟ್‌ಫೀಲ್ಡಿಗೆ ಕರೆಸಿಕೊಳ್ಳೋಣ ಎಂದರು. ಮೂರ್ತಿ ಸಾರ್ ಹೋಗಿ ಕಾಡಿಬೇಡಿ ಒಂದು ಒಪ್ಪಂದ ಮಾಡಿಕೊಂಡು ಬಂದರು: ಹೊಸ ಗಿರಾಕಿಯೊಬ್ಬರು ಹೊಸ ಬಗೆಯ ಚಿಪ್ಪಿನ ಯಂತ್ರ ಕೊಟ್ಟಿದ್ದಾರೆ, ಅದರ ಮೇಲೆ ನಮ್ಮ ಕಂಪೈಲರ್ ಗಡುವಿನೊಳಗೆ ಕಟ್ಟಿ ತೋರಿಸಿದರೆ ಜೆಪಿ ನಗರದ ಆಫೀಸು ಉಳಿಯುತ್ತದೆ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಬೇರೆಯವರಿಗೆ ವೈಟ್‌ಫೀಲ್ಡ್ ಎಂದರೆ ಟ್ರಾಫಿಕ್ಕಿನ ಭಯ. ನನಗೆ ಅದು ಕೆಲಸ ಹೋದಂತೆಯೇ. ಮನೆಯಲ್ಲಿ ಅತ್ತೆ ಇದ್ದರು. ಲಕ್ವ ಹೊಡೆದು ಒಂದು ಕೈ ಕಾಲು ಬಿದ್ದುಹೋಗಿತ್ತು, ನಾಲಿಗೆ ಮಾತ್ರ ಮೊದಲಿಗಿಂತ ಚುರುಕಾಗಿತ್ತು. ನನ್ನ ಯಜಮಾನರಿಗೆ ಆಗ ಮೈಸೂರಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದರು. ಅತ್ತೆಯನ್ನು ನೋಡಿಕೊಳ್ಳಲು ಒಬ್ಬಾಕೆ ಬರುತ್ತಿದ್ದಳು. ಸ್ನಾನ, ತಿಂಡಿ ಎಲ್ಲಕ್ಕೂ ಅವಳಾದರೆ ಆಗುತ್ತಿತ್ತು, ಮಧ್ಯಾಹ್ನದ ಊಟ ಮಾತ್ರ ನನ್ನ ಕೈಯಿಂದಲೇ ಆಗಬೇಕು. ಅವಳು ತುತ್ತು ಇಟ್ಟರೆ ಬಾಯಿ ತೆರೆಯುತ್ತಲೇ ಇರಲಿಲ್ಲ. ಒಂದು ದಿನ ನಾನು ಹೋಗದೆ ನೋಡಿದೆ. ಸಂಜೆ ಬಂದಾಗ ಅನ್ನ ಹಾಗೆಯೇ ಆರಿ ಕೂತಿತ್ತು, ಅತ್ತೆಯೂ ಹಾಗೆಯೇ ಕೂತಿದ್ದರು. ಆ ಹಟವನ್ನು ನೋಡಿ ಅತ್ತುಬಿಟ್ಟೆ. ಅಂದಿನಿಂದ ಒಂದು ಗಂಟೆಗೆ ಆಫೀಸಿನಿಂದ ಎದ್ದು, ಸ್ಕೂಟರಿನಲ್ಲಿ ಜಯನಗರಕ್ಕೆ ಹೋಗಿ, ಊಟ ಮಾಡಿಸಿ ಬರುತ್ತಿದ್ದೆ. ವೈಟ್‌ಫೀಲ್ಡಿನಿಂದ ಅದು ಆಗುವ ಮಾತಲ್ಲ. ಆಫೀಸು ಹೋದರೆ ನಾನು ರಾಜೀನಾಮೆ ಕೊಡಬೇಕಿತ್ತು. ಈ ವಿಷಯ ಆಫೀಸಿನಲ್ಲಿ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಮೂರ್ತಿ ಸಾರ್ ನಾನು ಎದ್ದು ಹೋಗುವುದನ್ನು ಒಂದು ದಿನವೂ ಕೇಳಲಿಲ್ಲ. ಗಮನಿಸಿಯೇ ಇಲ್ಲ ಎಂದುಕೊಂಡಿದ್ದೆ.

ಅತ್ತೆಗೆ ನನ್ನ ಕೆಲಸವೆಂದರೆ ತಮಾಷೆ. "ಏನೇ, ಇನ್ನೂ ಕಟ್ಟಿ ಮುಗೀಲಿಲ್ವಾ ನಿಂದು? ನಮ್ಮೆದುರಿಗೇ ಆ ಅಪಾರ್ಟ್‌ಮೆಂಟಿನೋರು ಕಟ್ಟಿ, ಮಾರಿ, ಜನಾನೂ ಬಂದು ಸೇರ್ಕೊಂಡ್ರು" ಎನ್ನುತ್ತಿದ್ದರು.

ಹೊಸ ಚಿಪ್ಪು ನಮ್ಮನ್ನು ಸರಿಯಾಗಿ ಸತಾಯಿಸಿತು. ಫೈಲು ಓದುವ ಒಂದು ಪುಟ್ಟ ಪ್ರೋಗ್ರಾಂ, ನಮ್ಮ ಯಂತ್ರಗಳಲ್ಲಿ ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯುವಂಥದ್ದು, ಇಲ್ಲಿ ಮುಗಿಯುತ್ತಲೇ ಇರಲಿಲ್ಲ. ಫೈಲು ಮುಗಿದಾಗ ಮೈನಸ್ ಒಂದು ಎಂಬ ಗುರುತು ಬರಬೇಕು, ಅದನ್ನು ನೋಡಿ ನಿಲ್ಲಬೇಕು. ಈ ಚಿಪ್ಪಿನಲ್ಲಿ ಒಂದು ಅಕ್ಷರ ಇಡುವ ಡಬ್ಬಿಯೊಳಗೆ ಮೈನಸ್ ಸಂಖ್ಯೆಗೆ ಜಾಗವೇ ಇಲ್ಲ. ಹಾಗಾಗಿ ಗುರುತು ಬಂದರೂ ಪ್ರೋಗ್ರಾಮಿಗೆ ಅದು ಬೇರೇನೋ ಆಗಿ ಕಾಣುತ್ತಿತ್ತು. ಅದು ಮೈನಸ್ಸಿಗೆ ಕಾಯುತ್ತ ಕೂತಿರುತ್ತಿತ್ತು, ನಾವು ಅದಕ್ಕೆ ಕಾಯುತ್ತ ಕೂತಿರುತ್ತಿದ್ದೆವು. ಇದನ್ನು ನಾನು ಹುಡುಕುತ್ತಿದ್ದ ಹೊತ್ತಿನಲ್ಲಿ ಮೂರ್ತಿ ಸಾರ್ ಬಂದು, "ನೀವು ದಕ್ಷಿಣಕ್ಕೆ ಮುಖ ಮಾಡ್ಕೊಂಡು ಕೂತಿದ್ದೀರಿ, ಅದಕ್ಕೇ" ಎಂದರು. ಮುನಿರಾಜು ನನ್ನನ್ನು ಕುರ್ಚಿಸಮೇತ ಪೂರ್ವಕ್ಕೆ ತಿರುಗಿಸಿದ. ಏನು ಮಾಡುವುದು, ತಿರುಗಿದ ಸ್ವಲ್ಪ ಹೊತ್ತಿಗೇ ನನಗೆ ಆ ಡಬ್ಬಿಯ ವಿಷಯ ಹೊಳೆಯಿತು. ಆಮೇಲೆ ಇಡೀ ಆಫೀಸು ಪೂರ್ವಕ್ಕೆ ತಿರುಗಿತು. ಗೋಡೆಯ ಕಡೆಗೆ ಮುಖ ಮಾಡಿ ಸಾಲಾಗಿ ಕೂತ ನಮ್ಮನ್ನು ನೋಡಿ, ದರ್ಶಿನಿಯಿಂದ ಕಾಫಿ ತರುವವನು ಪರೀಕ್ಷೆ ನಡೆಯುತ್ತಿದೆಯೆಂದು ತಿಳಿದು ಬೆಕ್ಕಿನ ಹೆಜ್ಜೆ ಇಟ್ಟು ಬರುತ್ತಿದ್ದ.

ಅಂತೂ ಇಂತೂ ಒಂದೊಂದೇ ಡೊಂಕು ಸರಿಹೋಯಿತು. ಗಡುವು ಶುಕ್ರವಾರ ಸಂಜೆ. ಗುರುವಾರ ಕಂಪೈಲರಿನ ಮೂಲ ಪ್ರತಿಯನ್ನೆಲ್ಲ ಆ ಯಂತ್ರದಲ್ಲಿ ಬಿಚ್ಚಿಟ್ಟೆವು. ಶುಕ್ರವಾರ ಬೆಳಿಗ್ಗೆ ಬೇಗ ಬಂದು ಕೊನೆಯ ತಿದ್ದುಪಡಿಗಳನ್ನು ಹಾಕಿ ಎಲ್ಲ ಸಿದ್ಧ ಮಾಡಿದೆ. ಶ್ರೀಧರ್ ಅವರೇ ಖುದ್ದಾಗಿ ನೋಡಲು ಬರುವವರಿದ್ದರು. ಅವರ ಕಾರು ಸಿಲ್ಕ್‌ಬೋರ್ಡ್ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಫೋನು ಬಂತು. ನಾನು ಒಂದು ಲೋಟ ನೀರು ಕುಡಿದು ಬರೋಣವೆಂದು ಎದ್ದೆ.

ಬರುವಷ್ಟರಲ್ಲಿ ಮೂರ್ತಿ ಸಾರ್ ಮತ್ತು ಮುನಿರಾಜು ಯಂತ್ರದ ಕೋಣೆಯಿಂದ ಹೊರಗೆ ಬರುತ್ತಿದ್ದರು. ಮೂರ್ತಿ ಸಾರ್ ಮುಖದಲ್ಲಿ ದೇವಸ್ಥಾನದಿಂದ ಬಂದ ಕಳೆ. ಮುನಿರಾಜು ನನ್ನ ಮುಖ ನೋಡಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಅಷ್ಟರಲ್ಲಿ ಶ್ರೀಧರ್ ಬಂದರು, ಕೂತರು, "ಶುರು ಮಾಡಿ ಮೇಡಂ" ಎಂದರು. ನಾನು ಶುರು ಮಾಡಿದೆ.

ಕಂಪೈಲರ್ ಕಟ್ಟುವ ಮೊದಲು ಸ್ಕ್ರಿಪ್ಟ್ ಎಂಬ ಒಂದು ಪುಟ್ಟ ಪ್ರೋಗ್ರಾಂ ಓಡುತ್ತದೆ. ಈ ಯಂತ್ರದಲ್ಲಿ ಅದು ಇದೆಯಾ, ಇದು ಬರುತ್ತದಾ ಎಂದು ಒಂದೊಂದೇ ಕೇಳಿಕೊಂಡು ಹೋಗುತ್ತದೆ. ಹೆಣ್ಣು ನೋಡಲು ಬಂದವರು ಹಾಡು ಬರುತ್ತಾ, ಹಸೆ ಬರುತ್ತಾ, ಹೋಳಿಗೆ ತಟ್ಟೋಕೆ ಬರುತ್ತಾ ಎಂದು ಕೇಳುವ ಹಾಗೆ. ಪ್ರಶ್ನೆಗಳೆಲ್ಲ ಮುಗಿದವು, ಎಲ್ಲಕ್ಕೂ ಉತ್ತರ ಬಂತು. ಕಟ್ಟುವ ಕೆಲಸ ಶುರುವಾಗಬೇಕು ಅನ್ನುವಷ್ಟರಲ್ಲಿ ಮತ್ತೆ ಮೊದಲಿನಿಂದ ಕೇಳಲು ಶುರುವಾಯಿತು. ಹಾಡು ಬರುತ್ತಾ, ಹಸೆ ಬರುತ್ತಾ. ಮುಗಿಯಿತು. ಮತ್ತೆ ಮೊದಲಿನಿಂದ.

ಶ್ರೀಧರ್ ಕೇಳಿದರು, "ಇದು ಆಗ್ಲೇ ಬಂದಿತ್ತಲ್ವಾ?"

"ಖಚಿತ ಮಾಡ್ಕೊಳ್ಳತ್ತೆ ಸಾರ್" ಎಂದೆ. ಇಷ್ಟು ತಿಂಗಳು ಪಟ್ಟ ಪಾಡು, ಅತ್ತೆಯ ಊಟ, ನನ್ನ ಕೆಲಸ, ಎಲ್ಲ ಈ ಹಾಳು ಪ್ರಶ್ನೆಗಳ ಸುಳಿಯಲ್ಲಿ ಸುತ್ತುತ್ತಿದೆ ಅನ್ನಿಸಿತು. ತೆರೆಯ ಮೇಲೆ ಹರಿಯುತ್ತಿದ್ದದ್ದನ್ನು ನಿಲ್ಲಿಸಿ ಹಿಂದಕ್ಕೆ ಹೋಗಿ ಓದಿದೆ. ನಡುವೆ ಒಂದು ಸಾಲು ಇತ್ತು: ಈ ಫೈಲಿನ ಸಮಯ ಭವಿಷ್ಯದಲ್ಲಿದೆ ಎಂದು. ನಾನು ಬೆಳಿಗ್ಗೆ ತಿದ್ದಿದ ಫೈಲುಗಳನ್ನೆಲ್ಲ ಯಂತ್ರ ನಾಳೆ ಹುಟ್ಟುವ ಕೂಸು ಎನ್ನುತ್ತಿತ್ತು.

ಮುನಿರಾಜುವಿನ ಕಡೆಗೆ ತಿರುಗಿದೆ. "ಮುನಿರಾಜು, ಇದರ ಗಡಿಯಾರ ಯಾರಾದ್ರೂ ಮುಟ್ಟಿದ್ರಾ?"

ಅವನು ಫ್ಯಾನು ನೋಡಿದ. "ನಾನೇನೂ ಹೇಳಂಗಿಲ್ಲ ಮೇಡಂ. ಬೇಗೂರು ನಾಗೇಶ್ವರನ ಮೇಲೆ ಆಣೆ ಹಾಕಿಸ್ಕೊಂಡವ್ರೆ."

"ಯಾರು ಆಣೆ ಹಾಕಿಸ್ಕೊಂಡಿದ್ದು?"

"ಅದನ್ನೂ ಹೇಳಂಗಿಲ್ಲ" ಎಂದು, ಮೂರ್ತಿ ಸಾರ್ ಕಡೆಗೆ ನೋಡಿ, ಹೇಳಲಾಗದ್ದನ್ನೆಲ್ಲ ಕಣ್ಣಿನಲ್ಲೇ ಹೇಳಿದ.

ಯಂತ್ರದ ತಾರೀಖು ತೆಗೆದು ನೋಡಿದೆ. ಗುರುವಾರ. ನಾವೆಲ್ಲ ಶುಕ್ರವಾರದಲ್ಲಿ ಕೂತಿದ್ದೇವೆ, ಯಂತ್ರ ಗುರುವಾರದಲ್ಲಿ ಕೂತಿದೆ. ಎಲ್ಲ ಅರ್ಥವಾಯಿತು. ಶುಕ್ರವಾರ ಅಷ್ಟಮಿ. ಶನಿವಾರ ನವಮಿ, ಅಷ್ಟು ಹೊತ್ತಿಗೆ ಗಡುವೂ ಮುಗಿದಿರುತ್ತದೆ. ಗುರುವಾರ ಸಪ್ತಮಿ, ಒಳ್ಳೆಯ ದಿನ. ಮೂರ್ತಿ ಸಾರ್ ಯಂತ್ರವನ್ನು ಒಳ್ಳೆಯ ದಿನಕ್ಕೆ ವಾಪಸು ಕಳಿಸಿದ್ದರು. ಯಂತ್ರಕ್ಕೇನು ಗೊತ್ತು ಪಾಪ, ತಾನು ಈಗ ಮಾಡಿದ್ದೆಲ್ಲ ಗುರುವಾರದ್ದು, ಮೂಲದ ಫೈಲು ಶುಕ್ರವಾರದ್ದು, ಅಂದರೆ ಮೂಲ ಬದಲಾಗಿದೆ, ಮತ್ತೆ ಮಾಡಬೇಕು ಎಂದು ಮಾಡಿದ್ದನ್ನೇ ಮಾಡುತ್ತಿತ್ತು. ಬಿಟ್ಟಿದ್ದರೆ ಇಡೀ ದಿನ ಹಾಡು ಹಸೆ ಕೇಳಿಕೊಂಡೇ ಇರುತ್ತಿತ್ತು.

"ಏನಾಯ್ತು ಮೇಡಂ?" ಶ್ರೀಧರ್ ಕೇಳಿದರು.

ಬೇರೆಯವರಾಗಿದ್ದರೆ ಮುಚ್ಚಿಡುತ್ತಿದ್ದರೇನೋ. ನನ್ನ ಸಿಟ್ಟು ನೆತ್ತಿಗೇರಿತ್ತು. "ನಮ್ಮ ಮೂರ್ತಿ ಸಾರ್ ಯಂತ್ರಾನ ನಿನ್ನೆಗೆ ಕಳಿಸಿದ್ದಾರೆ ಸಾರ್. ಇವತ್ತು ಅಷ್ಟಮಿ ಅಂತೆ. ಇವರ ಪಂಚಾಂಗದ ದೆಸೆಯಿಂದ ಇಲ್ಲಿರೋ ಅಷ್ಟೂ ಜನ ಬೀದಿಗೆ ಬೀಳ್ತೀವಿ" ಎಂದುಬಿಟ್ಟೆ. ಮೂರ್ತಿ ಸಾರ್ ಕನ್ನಡಕ ತೆಗೆದು ಒರೆಸಲು ಶುರು ಮಾಡಿದರು. ಅವರ ಕಿವಿ ಕೆಂಪಾಗಿತ್ತು.

ಶ್ರೀಧರ್ ಮೂರ್ತಿ ಸಾರ್ ಕಡೆಗೆ ತಿರುಗಿದರು. ಬಿತ್ತು ಬೆಂಕಿ ಎಂದುಕೊಂಡೆ.

"ಇವತ್ತು ಅಷ್ಟಮೀನಾ? ಮೊದಲೇ ಹೇಳ್ಬಾರ್ದಾ ನೀವು? ನಾನು ಬರ್ತಾನೇ ಇರ್ಲಿಲ್ಲ."

"ಗಡುವು ಇವತ್ತೇ ಇತ್ತಲ್ಲ ಸಾರ್" ಎಂದರು ಮೂರ್ತಿ ಸಾರ್.

"ರಾಹುಕಾಲ ಎಷ್ಟು ಹೊತ್ತಿಗೆ?"

"ಈಗ ನಡೀತಿದೆ ಸಾರ್."

ನಾನು ನನ್ನ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಎಂಥ ದೊಡ್ಡ ಆಫೀಸು, ಎಂಥ ದೊಡ್ಡ ಕಾರು, ಒಳಗೆ ಅದೇ ಪಂಚಾಂಗ. ಇಬ್ಬರೂ ತಲೆಗೆ ತಲೆ ಕೊಟ್ಟು ಸೋಮವಾರಕ್ಕೆ ಗಡುವು ಕೇಳಿದರೆ ಹೇಗೆ ಎಂದು ಮಾತಾಡಲು ಶುರು ಮಾಡಿದರು. ಗಿರಾಕಿ ಒಪ್ಪುವವನಲ್ಲ, ಅವನ ದೇಶದಲ್ಲಿ ಅಷ್ಟಮಿ ಇಲ್ಲ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ನಾನು ಗಂಟಲು ಸರಿಮಾಡಿಕೊಂಡು ಕೇಳಿದೆ.

"ಸಾರ್, ಶುರು ಮಾಡಿದ ಕೆಲಸ ಮುಂದುವರಿಸೋಕೆ ಅಷ್ಟಮಿ ಅಡ್ಡ ಬರುತ್ತಾ?"

"ಇಲ್ಲ. ಆರಂಭಕ್ಕೆ ಮಾತ್ರ" ಎಂದರು ಮೂರ್ತಿ ಸಾರ್.

"ಮೂಲ ಪ್ರತಿ ಬಿಚ್ಚಿಟ್ಟಿದ್ದು ನಿನ್ನೆ, ಗುರುವಾರ, ನಿಜವಾದ ಗುರುವಾರ. ಕಲಸಿದ್ದು ನಿನ್ನೆ, ಇವತ್ತು ಬೇಯಿಸೋದು ಅಷ್ಟೇ."

ಮೂರ್ತಿ ಸಾರ್ ಮುಖ ಅರಳಿತು. "ಹೌದಲ್ಲ. ಸಪ್ತಮಿಯಲ್ಲೇ ಆರಂಭ ಆಗಿದೆ ಸಾರ್. ದೋಷ ಇಲ್ಲ." ಶ್ರೀಧರ್ ಕೂಡ ಒಪ್ಪಿ, ರಾಹುಕಾಲ ಒಂದು ಕಳೆದುಬಿಡಲಿ ಎಂದು ಕೆಳಗಿನ ದರ್ಶಿನಿಗೆ ಮಸಾಲೆದೋಸೆ ತಿನ್ನಲು ಹೋದರು. ನಾನು ಅಷ್ಟರಲ್ಲಿ ಗಡಿಯಾರ ಸರಿಮಾಡಿ, ಅದು ಮಾಡಿಟ್ಟಿದ್ದ ಅರೆಬರೆಯನ್ನೆಲ್ಲ ಅಳಿಸಿ, ಹನ್ನೆರಡಕ್ಕೆ ಹೊಸದಾಗಿ ಶುರು ಮಾಡಿದೆ. ಯಂತ್ರ ಒಂದೇ ಸಲ ಪ್ರಶ್ನೆ ಕೇಳಿ ಮುಂದಕ್ಕೆ ಹೋಯಿತು. ಅದು ತನ್ನ ಪಾಡಿಗೆ ಕಟ್ಟಿಕೊಳ್ಳುತ್ತಿರುವಾಗ ಮನೆಗೆ ಹೋಗಿ ಅತ್ತೆಗೆ ಊಟ ಮಾಡಿಸಿ ಬಂದೆ. "ಗಮನ ಎಲ್ಲಿದೆಯೇ ನಿಂದು? ಸಾರು ನನ್ನ ಕುತ್ತಿಗೆಗೆ ಹೋಗ್ತಿದೆ" ಎಂದು ಬೈಸಿಕೊಂಡೆ. ಸಂಜೆ ಎರಡನೆಯದನ್ನೂ ಮೂರನೆಯದನ್ನೂ ಹೋಲಿಸಿದಾಗ ಎಲ್ಲೂ ವ್ಯತ್ಯಾಸ ಬರಲಿಲ್ಲ. ಮುನಿರಾಜು ಮೆಲ್ಲಗೆ ಯಂತ್ರದ ನೆತ್ತಿ ತಟ್ಟಿದ. ಶ್ರೀಧರ್ ನನ್ನ ಕೈ ಕುಲುಕಿದರು. ಮೂರ್ತಿ ಸಾರ್ ಮಾತ್ರ ನನ್ನ ಹತ್ತಿರ ಬರಲಿಲ್ಲ. ಎಲ್ಲರೆದುರಿಗೆ ಹಾಗೆ ಅಂದೆನಲ್ಲ, ಅವರಿಗೆ ನೋವಾಗಿತ್ತು. ನನಗೂ ಸ್ವಲ್ಪ ಕಸಿವಿಸಿಯಾಯಿತು, ಆದರೆ ಅಂದದ್ದು ಸುಳ್ಳಲ್ಲವಲ್ಲ.

ಆಫೀಸು ಉಳಿಯಿತು ಎಂದು ಹೋಳಿಗೆ ಮಾಡಿಸಿ ಹಂಚಿದೆವು. ನಗಬೇಡಿ, ಮುಂದೆ ಕೇಳಿ. ನಾವು ಕಟ್ಟಿ ಕೊಟ್ಟದ್ದು ಗಿರಾಕಿಗೆ ಎಷ್ಟು ಹಿಡಿಸಿತೆಂದರೆ ಇನ್ನೂ ದೊಡ್ಡ ಕೆಲಸ ಕೊಟ್ಟ. ದೊಡ್ಡ ಕೆಲಸಕ್ಕೆ ಇನ್ನಷ್ಟು ಜನ ಬೇಕು. ಇನ್ನಷ್ಟು ಜನಕ್ಕೆ ದರ್ಶಿನಿಯ ಮೇಲಿನ ಜಾಗ ಸಾಲದು. ಹಾಗಾಗಿ ಅಭಿನಂದನೆಗಳ ಜೊತೆಗೇ ಹೆಡ್ ಆಫೀಸಿನಿಂದ ಆದೇಶ ಬಂತು: ಜೆಪಿ ನಗರದ ಆಫೀಸು ವೈಟ್‌ಫೀಲ್ಡಿಗೆ ಸ್ಥಳಾಂತರ. ಸೋತಿದ್ದರೂ ವೈಟ್‌ಫೀಲ್ಡ್, ಗೆದ್ದದ್ದಕ್ಕೂ ವೈಟ್‌ಫೀಲ್ಡ್. ನಾನು ರಾಜೀನಾಮೆ ಬರೆದು ಬ್ಯಾಗಿನಲ್ಲಿಟ್ಟುಕೊಂಡೆ.

ಕೊಡುವ ಮೊದಲೇ ಮೂರ್ತಿ ಸಾರ್ ಮೀಟಿಂಗ್ ಕರೆದು, "ಸದ್ಯಕ್ಕೆ ಹೋಗಲ್ಲ. ಆಷಾಢ ಬಂತು. ಆಷಾಢದಲ್ಲಿ ಯಾರೂ ಮನೆ ಬದಲಾಯಿಸಲ್ಲ. ಶ್ರೀಧರ್ ಸಾರ್ ಒಪ್ಪಿದ್ದಾರೆ" ಎಂದರು. ಬದುಕಿದೆ ಅನ್ನಿಸಿತು. ಆಷಾಢ ಮುಗಿಯಿತು, ಅಧಿಕಮಾಸ ಬಂತು, ಅದೂ ಒಳ್ಳೆಯದಲ್ಲ. ಶ್ರಾವಣದಲ್ಲಿ ಅಲ್ಲಿನ ಹೊಸ ಕಟ್ಟಡದ ಲಿಫ್ಟು ಸಿದ್ಧವಿರಲಿಲ್ಲ, ಅದು ನಮ್ಮ ಪುಣ್ಯ. ಆಮೇಲೆ ಪಿತೃಪಕ್ಷ. ದೀಪಾವಳಿ ಹತ್ತಿರ ಗ್ರಹಣ. ಧನುರ್ಮಾಸ. ಪ್ರತಿ ಸಲವೂ ಮೂರ್ತಿ ಸಾರ್ ಪಂಚಾಂಗ ಹಿಡಿದು ಫೋನು ಮಾಡುವರು, ಅತ್ತ ಕಡೆಯಿಂದ ಶ್ರೀಧರ್ "ಹೌದಾ, ಹಾಗಾದ್ರೆ ಬೇಡ ಬಿಡಿ" ಎನ್ನುವರು. ಅವರಿಗೆ ಪಂಚಾಂಗದ ಭಯವಿತ್ತೇ ಹೊರತು ಅದನ್ನು ಓದಲು ಬರುತ್ತಿರಲಿಲ್ಲ. ಪಂಚಾಂಗದಿಂದ ಬೀದಿಗೆ ಬೀಳುತ್ತೇವೆ ಎಂದಿದ್ದ ನಾನು, ಅದೇ ಪಂಚಾಂಗದ ದಯೆಯಿಂದ ದಿನಾ ಒಂದು ಗಂಟೆಗೆ ಸ್ಕೂಟರ್ ಹತ್ತುತ್ತಿದ್ದೆ.

ಮಾಘ ಮಾಸ ಬಂತು. ಈ ಸಲ ಖಂಡಿತ ಹೋಗಬೇಕಾಗುತ್ತದೆ ಎಂದುಕೊಂಡೆ. ಮೂರ್ತಿ ಸಾರ್ ಬಂದು, "ಮಾಘದಲ್ಲಿ ಒಂದೂ ಮುಹೂರ್ತ ಇಲ್ಲ. ಶ್ರೀಧರ್ ಸಾರ್‌ಗೆ ಹೇಳಿದ್ದೀನಿ" ಎಂದರು. ಅಂದು ಮಧ್ಯಾಹ್ನ ಅತ್ತೆಗೆ ಊಟ ಮಾಡಿಸುತ್ತ ಖುಷಿಯಿಂದ ಹೇಳಿದೆ, ಮಾಘದಲ್ಲಿ ಮುಹೂರ್ತವೇ ಇಲ್ಲವಂತೆ, ಇನ್ನೂ ಸ್ವಲ್ಪ ದಿನ ಇಲ್ಲೇ ಇರುತ್ತೇವಂತೆ ಎಂದು.

ಅತ್ತೆ ಅಗಿಯುವುದನ್ನು ನಿಲ್ಲಿಸಿದರು. "ಯಾವ ಪೆದ್ದ ಹೇಳಿದ್ದು? ಮಾಘದಲ್ಲಿ ಮುಹೂರ್ತ ಇಲ್ಲದೆ ಇನ್ಯಾವಾಗ ಇರುತ್ತೆ? ಸೀತಮ್ಮನ ಮೊಮ್ಮಗಳ ಮದುವೆ, ಎದುರು ಮನೆ ಗೃಹಪ್ರವೇಶ, ನಿನ್ನ ಗಂಡನ ಚಿಕ್ಕಪ್ಪನ ಮೊಮ್ಮಗನ ಉಪನಯನ, ಎಲ್ಲ ಇದೇ ತಿಂಗಳು. ಬೆಳಿಗ್ಗೆಯಿಂದ ಓಲಗ ಕೇಳ್ತಿಲ್ವೇನೇ ನಿಂಗೆ?"

ಕೇಳುತ್ತಿತ್ತು. ಹಿಂದಿನ ರಸ್ತೆಯ ಛತ್ರದಲ್ಲಿ ಆಗಲೂ ಓಲಗ ನುಡಿಯುತ್ತಿತ್ತು. ಮಗಳಿಗಾಗಿಯೂ ರಾಹುಕಾಲವನ್ನು ಬಗ್ಗಿಸದ ಮನುಷ್ಯ, ನಾನು ಎಲ್ಲರೆದುರಿಗೆ ಮುಖಭಂಗ ಮಾಡಿದ ಮನುಷ್ಯ, ಪಂಚಾಂಗದಲ್ಲಿ ಇರುವುದನ್ನು ಇಲ್ಲ ಎಂದು ಸುಳ್ಳು ಹೇಳಿದ್ದರು.

ಮಾರನೆಯ ದಿನ ಅವರ ಟೇಬಲ್ಲಿನ ಮುಂದೆ ಹೋಗಿ ನಿಂತೆ.

"ಸಾರ್, ಮಾಘದಲ್ಲಿ ಮುಹೂರ್ತ ಇಲ್ವಾ?"

ಅವರು ಕನ್ನಡಕ ಒರೆಸಿದರು. "ಮದುವೆಗೆ ಇದೆ. ಆಫೀಸಿಗಿಲ್ಲ."

"ಹಾಗಂತ ಪಂಚಾಂಗದಲ್ಲಿದೆಯಾ?"

ಅವರು ಕನ್ನಡಕ ಹಾಕಿಕೊಂಡರು. ಗೋಡೆಯ ಗಡಿಯಾರ ನೋಡಿ, "ಒಂದು ಗಂಟೆ ಆಯ್ತು ವತ್ಸಲಾ ಅವರೇ. ಮನೇಲಿ ಅಮ್ಮ ಕಾಯ್ತಿರ್ತಾರೆ, ಹೊರಡಿ" ಎಂದರು.

ನಾನು ಮೆಟ್ಟಿಲಿಳಿಯುವಾಗ ಕಣ್ಣು ಮಂಜಾಗಿ, ಕಂಬಿ ಹಿಡಿದುಕೊಂಡು ಇಳಿದೆ. ಅತ್ತೆ ಆಮೇಲೆ ಒಂದು ವರ್ಷದ ಮೇಲೆ ಬದುಕಿದರು, ಕೊನೆಯವರೆಗೂ ನನ್ನ ಕೈಯಿಂದಲೇ ಉಂಡರು. ಅವರು ಹೋದ ಕೆಲವು ತಿಂಗಳಿಗೆ ನಾನು ನಿವೃತ್ತಳಾದೆ. ಮರುವಾರವೇ ಆಫೀಸಿಗೆ ಮುಹೂರ್ತ ಸಿಕ್ಕಿತು.